ಪರದೆ ಇಲ್ಲದ ಮೇಜು

ಗುಮ್ಮಳಾಪುರದ ಗೋಪಾಲಪ್ಪ ಈಗ ಇಸ್ಪೀಟು ಮುಟ್ಟುವುದಿಲ್ಲ. ವಯಸ್ಸಾಯಿತು, ಮಂಡಿ ನೋವು, ಬಸ್ಸು ಹತ್ತಿ ಹೊಸೂರಿಗೆ ಬರಲಾಗುವುದಿಲ್ಲ ಎಂದು ಜನ ತಮಗೆ ತೋಚಿದ ಕಾರಣ ಹೇಳುತ್ತಾರೆ. ಅವರ ಮಂಡಿಗೆ ಏನೂ ಆಗಿಲ್ಲ. ಮೊನ್ನೆ ಟೊಮ್ಯಾಟೊ ಕ್ರೇಟುಗಳನ್ನು ಎತ್ತೆತ್ತಿ ಟೆಂಪೋಗೆ ಏರಿಸುತ್ತಿದ್ದುದನ್ನು ನಾನೇ ಕಂಡಿದ್ದೇನೆ. ಕಾರಣ ಬೇರೆ ಇದೆ. ಅದನ್ನು ನೆನೆದಾಗಲೆಲ್ಲ ನನಗೆ ಮೈ ಉರಿಯುತ್ತದೆ.

ನಾವು ಒಂದೇ ಕಾರ್ಖಾನೆಯವರು. ಹೊಸೂರಿನ ಸಿಪ್ಕಾಟ್‌ ಕೈಗಾರಿಕಾ ಪ್ರದೇಶದಲ್ಲಿ ಗಾಡಿಗಳ ಗೇರು ಮಾಡುವ ಕಂಪನಿ. ನಾನು ಜಯಂತಿ, ಟೈಮ್ ಆಫೀಸಿನಲ್ಲಿ ಕೂತು ಬಂದವರ ಹೋದವರ ಹೊತ್ತು ನೋಡುತ್ತಿದ್ದವಳು. ಗೋಪಾಲಪ್ಪ ಟೂಲ್ ರೂಮಿನ ಫಿಟ್ಟರ್. ಬೆಳಿಗ್ಗೆ ಹೊಲಕ್ಕೊಂದು ಸುತ್ತು ಹಾಕಿ, ರಾಗಿಮುದ್ದೆ ಉಂಡು, ಮೊದಲ ಬಸ್ಸಿಗೆ ಬರುತ್ತಿದ್ದರು. ತಮಿಳರ ಹತ್ತಿರ ತಮಿಳು, ತೆಲುಗರ ಹತ್ತಿರ ತೆಲುಗು, ಯಾರ ಹತ್ತಿರವಾದರೂ ಸರಿ, ಮಾತು ಮಾತ್ರ ಕಡಿಮೆ. ಅವರ ಹೆಂಡತಿ ಚೆಲುವಮ್ಮ ಒಮ್ಮೆ ನನ್ನ ಹತ್ತಿರ, "ಇವ್ರನ್ನ ಕಟ್ಕೊಂಡಿದ್ದಕ್ಕೆ ನಾನು ಹಸಿನ ಜೊತೆ ಮಾತಾಡೋದು ಕಲ್ತೆ ಕಣಮ್ಮ" ಅಂದಿದ್ದರು.

ನಮ್ಮ ರಿಕ್ರಿಯೇಷನ್ ರೂಮಿಗೆ ಬ್ರಿಡ್ಜ್ ತಂದವರು ರಘುನಾಥ್. ತುಮಕೂರಿನ ಕಡೆಯಿಂದ ಬಂದು ಇನ್‌ಸ್ಪೆಕ್ಷನ್ ವಿಭಾಗದಲ್ಲಿ ಮೇಲ್ವಿಚಾರಕರಾಗಿದ್ದರು. ಅಲ್ಲಿಯವರೆಗೆ ಅಲ್ಲಿ ನಡೆಯುತ್ತಿದ್ದದ್ದು ರಮ್ಮಿ, ಇಪ್ಪತ್ತೆಂಟು, ಮತ್ತು ಜಗಳ. ರಘುನಾಥ್ ಹಲವರನ್ನು ಎದುರಿಗೆ ಕೂರಿಸಿಕೊಂಡು ನೋಡಿ ಕೊನೆಗೆ ಗೋಪಾಲಪ್ಪನನ್ನು ಹಿಡಿದರು. ಆಟ ಕಲಿಸಬಹುದು, ಬಾಯಿ ಮುಚ್ಚಿಕೊಂಡು ಕೂರುವುದನ್ನು ಕಲಿಸಲಾಗುವುದಿಲ್ಲ ಅನ್ನುತ್ತಿದ್ದರು. ಆ ಜೋಡಿ ಮೂವತ್ತು ವರ್ಷ ನಡೆಯಿತು. ಇಬ್ಬರೂ ನಿವೃತ್ತರಾದ ಮೇಲೂ ವಾರಕ್ಕೆರಡು ಸಂಜೆ ನಮ್ಮ ಆಟ ತಪ್ಪುತ್ತಿರಲಿಲ್ಲ. ನನ್ನ ಜೊತೆಗಾರ ಮುನಿರಾಜ್, ಅಂಗಡಿ ಮುಚ್ಚಿ ಓಡಿ ಬರುವವನು.

ಬ್ರಿಡ್ಜ್ ಗೊತ್ತಿಲ್ಲದವರಿಗೆ ಇಷ್ಟು ಸಾಕು. ನಾಲ್ಕು ಜನ, ಎದುರುಬದುರು ಕೂತವರು ಒಂದು ಜೋಡಿ. ಎಲೆ ಇಳಿಸುವ ಮುಂಚೆ, ನಮ್ಮ ಜೋಡಿ ಇಷ್ಟು ಗೆಲ್ಲುತ್ತದೆ ಎಂದು ಸರದಿಯ ಮೇಲೆ ಬಿಡ್ ಹೇಳಬೇಕು. ಅದೂ ಬಾಯಲ್ಲಿ ಅಲ್ಲ. ಪಕ್ಕದ ಡಬ್ಬಿಯಿಂದ ಬಿಡ್ ಬರೆದ ಕಾರ್ಡು ತೆಗೆದು ಮೇಜಿನ ಮೇಲೆ ಇಡಬೇಕು. ಜೊತೆಗಾರನಿಗೆ ಹೇಳಬಹುದಾದದ್ದು ಅದೊಂದೇ. ಹುಬ್ಬು ಏರಿಸುವಂತಿಲ್ಲ, ಕೆಮ್ಮುವಂತಿಲ್ಲ. ತಡ ಮಾಡಿದರೂ ಅದು ಸನ್ನೆಯೇ, ಏಕೆಂದರೆ ತಡ ಮಾಡಿದವನ ಕೈಯಲ್ಲಿ ಯೋಚಿಸುವಂಥ ಎಲೆ ಇದೆ ಎಂದಾಯಿತು. ಅದನ್ನು ಜೊತೆಗಾರ ಕಂಡೂ ಕಾಣದವನಂತೆ ಆಡಬೇಕು. ಇದು ಆ ಆಟದ ಮರ್ಯಾದೆ, ಅದರ ಬಗ್ಗೆ ನನಗೆ ತಕರಾರಿಲ್ಲ.

ರಘುನಾಥ್ ಅವರಿಗೆ ಪಾರ್ಕಿನ್ಸನ್ ಕಾಯಿಲೆ ಶುರುವಾಯಿತು. ಬಲಗೈ ಮೊದಲು ನಡುಗುತ್ತಿತ್ತು, ಆಮೇಲೆ ನಡುನಡುವೆ ನಿಂತೇ ಹೋಗುತ್ತಿತ್ತು. ಯಾವ ಬಿಡ್ ಎಂದು ತಲೆ ಆಗಲೇ ತೀರ್ಮಾನಿಸಿರುತ್ತಿತ್ತು; ಕೈ ಮಾತ್ರ ಡಬ್ಬಿಯ ಮೇಲೆ ಮರದ ತುಂಡಿನ ಹಾಗೆ ಉಳಿದುಬಿಡುತ್ತಿತ್ತು. ನಾವು ಕಾಯುತ್ತಿದ್ದೆವು. ಕಾಯುವುದರಲ್ಲಿ ನಮ್ಮ ಗಂಟೇನೂ ಹೋಗುತ್ತಿರಲಿಲ್ಲ.

ಅದೇ ವರ್ಷ ಅವರಿಬ್ಬರೂ ರಾಜ್ಯಮಟ್ಟದಲ್ಲಿ ಗೆದ್ದು ರಾಷ್ಟ್ರೀಯ ಪಂದ್ಯಕ್ಕೆ ಆಯ್ಕೆಯಾದರು. ಮುಂದಿನ ವರ್ಷ ರಘುನಾಥ್ ಎಲೆ ಹಿಡಿಯುವುದು ಅನುಮಾನ ಎಂದು ಬೆಂಗಳೂರಿನ ಡಾಕ್ಟರು ಹೇಳಿಬಿಟ್ಟಿದ್ದರು. ಗೋಪಾಲಪ್ಪನಿಗೆ ಕಪ್ಪಿನ ಆಸೆ ಇರಲಿಲ್ಲ. "ರಘಣ್ಣ ಒಂದ್ಸಲ ಆ ದೊಡ್ಡ ಮೇಜಿನಾಗೆ ಕೂತು ಮರ್ಯಾದೆಯಾಗಿ ಎದ್ದು ಬರ್ಬೇಕು ಜಯಂತಮ್ಮ, ಅಷ್ಟೇಯ" ಅಂದರು. ಅವರು ಬೇಡಿದ್ದನ್ನು ನಾನು ಕೇಳಿದ್ದು ಅದೊಂದೇ ಸಲ.

ಪಂದ್ಯ ನಡೆಸುವುದು ಅಖಿಲ ಭಾರತ ಬ್ರಿಡ್ಜ್ ಮಹಾಮಂಡಲ. ಹೆಸರು ದೊಡ್ಡದು. ನಾನು ಅವರಿಗೆ ಮೊದಲೇ ಬರೆದೆ. ದೊಡ್ಡ ಪಂದ್ಯಗಳಲ್ಲಿ ಮೇಜಿನ ಮೂಲೆಯಿಂದ ಮೂಲೆಗೆ ಮರದ ಪರದೆ ನಿಲ್ಲಿಸುತ್ತಾರೆ, ಜೊತೆಗಾರರು ಒಬ್ಬರ ಮುಖ ಒಬ್ಬರು ನೋಡದಂತೆ. ಅಂಥ ಮೇಜನ್ನೇ ಇವರಿಗೆ ಕೊಡಿ, ಆಗದಿದ್ದರೆ ಎದುರಾಳಿಗಳಿಗೆ ಈ ಕಾಯಿಲೆಯ ವಿಷಯ ಮುಂಚೆಯೇ ತಿಳಿಸಿ ಎಂದು ಕೇಳಿದೆ. ಎಲ್ಲ ಮೇಜಿಗೂ ಪರದೆ ಇರುತ್ತದೆ, ಚಿಂತೆ ಬೇಡ ಎಂದು ಉತ್ತರ ಬಂತು. ಆಮೇಲೆ ಮಹಾಮಂಡಲದೊಳಗೇ ಕಿತ್ತಾಟವಾಗಿ ಕಾರ್ಯದರ್ಶಿ ಬದಲಾದರು. ಪುಣೆ ಎಂದಿದ್ದ ಪಂದ್ಯ, ನಾವು ರೈಲು ಟಿಕೆಟ್ ಮಾಡಿಸಿದ ಮೇಲೆ, ನಾಗಪುರದ ಹೊರಗಿನ ಒಂದು ಮದುವೆ ಛತ್ರಕ್ಕೆ ಹೋಯಿತು. ಪರದೆಗಳು ಪುಣೆಯಲ್ಲೇ ಉಳಿದವು. ನಮ್ಮ ಪಕ್ಕದ ಸೂಳಗಿರಿಯ ಹುಡುಗರು ನಡೆಸುವ ಕಬಡ್ಡಿ ಪಂದ್ಯ ಇದಕ್ಕಿಂತ ಅಚ್ಚುಕಟ್ಟು. ಅಲ್ಲಿ ಕೊನೇಪಕ್ಷ ಅಂಕಣಕ್ಕೆ ಗೆರೆ ಎಳೆದಿರುತ್ತಾರೆ.

ಛತ್ರದಲ್ಲಿ ಹಿಂದಿನ ದಿನದ ಮದುವೆಯ ಹೂವು ಇನ್ನೂ ಕಾಲಿಗೆ ಸಿಗುತ್ತಿತ್ತು. ಮೇಜುಗಳೆಲ್ಲ ಬೋಳು. ಪಂದ್ಯದ ಮುಖ್ಯ ತೀರ್ಪುಗಾರರ ಹತ್ತಿರ ಹೋಗಿ ವಿಷಯ ಹೇಳಿದೆ. ಆ ಮನುಷ್ಯ ಎರಡು ಸಭಾಂಗಣಗಳ ನಡುವೆ ಒಬ್ಬನೇ ಓಡಾಡುತ್ತಿದ್ದ. "ನನಗೆ ಯಾರೂ ಏನೂ ಹೇಳಿಲ್ಲ" ಎಂದ. ಸುಳ್ಳು ಹೇಳಿದನೆಂದು ನನಗನ್ನಿಸಲಿಲ್ಲ, ಅಲ್ಲಿ ಯಾರಿಗೂ ಯಾರೂ ಏನೂ ಹೇಳಿರಲಿಲ್ಲ. ಆಟ ತಡವಾಗಿ ಶುರುವಾಯಿತು. ತಡ ಮಾಡಿದವರು ಅವರು, ಬೇಗ ಬೇಗ ಆಡಿ ಎಂದು ಮೈಕಿನಲ್ಲಿ ಗದರಿಸಿಕೊಂಡವರು ನಾವು. ಒಂದೊಂದು ಸಲ ಮೈಕು ಕೂಗಿದಾಗಲೂ ರಘುನಾಥ್ ಅವರ ಕೈ ಇನ್ನಷ್ಟು ಬಿಗಿಯುತ್ತಿತ್ತು.

ಆದರೂ ಚೆನ್ನಾಗಿ ಆಡಿದರು. ಎರಡನೇ ದಿನ ಮಧ್ಯಾಹ್ನದ ಹೊತ್ತಿಗೆ ಫೈನಲ್ಲಿಗೆ ಹೋಗುವವರ ಸಾಲಿನಲ್ಲಿ ಅವರ ಹೆಸರಿತ್ತು. ಆಗ ಆ ಒಂದು ಆಟ ಬಂತು. ಎದುರಾಳಿಗಳು ನಾಲ್ಕು ಇಸ್ಪೀಟು ಎಂದು ಬಿಡ್ ಮಾಡಿದರು. ರಘುನಾಥ್ ಸರದಿ. ನನ್ನದು ಬಿಡ್ ಇಲ್ಲ ಎನ್ನುವ ಪಾಸ್ ಕಾರ್ಡು ಇಟ್ಟರೆ ಮುಗಿಯುತ್ತಿತ್ತು. ಕೈ ಡಬ್ಬಿಯ ಮೇಲೆ ಹೋಗಿ ನಿಂತುಬಿಟ್ಟಿತು. ಬಹಳ ಹೊತ್ತಾದ ಮೇಲೆ ಪಾಸ್ ಕಾರ್ಡು ಹೊರಬಂತು. ಮುಂದೆ ಗೋಪಾಲಪ್ಪ ಐದು ಆಟೀನು ಎಂದು ಬಿಡ್ ಮಾಡಿ ಗೆದ್ದರು. ಅವರ ಕೈಯಲ್ಲಿದ್ದ ಎಲೆಗೆ ಯಾರಾದರೂ ಅದನ್ನೇ ಮಾಡುತ್ತಿದ್ದರು, ನಾನೂ ಮಾಡುತ್ತಿದ್ದೆ. ಎದುರಾಳಿಗಳು ಕೈ ಎತ್ತಿ ತೀರ್ಪುಗಾರರನ್ನು ಕರೆದರು: ಇವರು ತಡ ಮಾಡಿ ತಮ್ಮ ಕೈಯಲ್ಲಿ ಒಳ್ಳೆಯ ಎಲೆ ಇದೆ ಎಂದು ಸನ್ನೆ ಕೊಟ್ಟರು, ಅವರು ಅದನ್ನು ಹಿಡಿದುಕೊಂಡು ಬಿಡ್ ಏರಿಸಿದರು.

ತೀರ್ಪುಗಾರ ತಾನೇ ನಿರ್ಧರಿಸುವ ಉಸಾಬರಿ ಬೇಡವೆಂದು ಮೂವರ ಸಮಿತಿಗೆ ಒಪ್ಪಿಸಿದ. ಸಮಿತಿ ಎಂದು ಮೊದಲೇ ಯಾರನ್ನೂ ನೇಮಿಸಿರಲಿಲ್ಲ. ಊಟದ ಸಾಲಿನಲ್ಲಿ ಸಿಕ್ಕವರನ್ನು ಕರೆತಂದು ಕೂರಿಸಿದರು. ಅದರಲ್ಲಿ ಒಬ್ಬ ದೂರು ಕೊಟ್ಟವರ ಜೊತೆಗೇ ತಂಡದ ಪಂದ್ಯ ಆಡುತ್ತಿದ್ದವನು. ಕೋಣೆಯೊಳಗೆ ನಾನೂ ನಿಂತಿದ್ದೆ. ಅವರು ಕೇಳಿದ್ದು ಇಂಗ್ಲಿಷಿನಲ್ಲಿ, ಗೋಪಾಲಪ್ಪ ಹೇಳಿದ್ದು ಕಾರ್ಖಾನೆಯ ಇಂಗ್ಲಿಷಿನಲ್ಲಿ. ಒಬ್ಬರ ಮಾತು ಒಬ್ಬರಿಗೆ ಚೆನ್ನಾಗಿಯೇ ಅರ್ಥವಾಯಿತು.

"ಅದು ಕಾಯಿಲೆಯಿಂದ ಆದ ತಡ ಅಂತೀರಲ್ಲ, ನಿಮಗೆ ಹೇಗೆ ಗೊತ್ತು?"

"ಗೊತ್ತಾಗುತ್ತೆ ಸಾರ್. ಯೋಚನೆ ಮಾಡುವಾಗ ಅವರ ಕಣ್ಣು ಎಲೆ ಮೇಲೆ ಇರುತ್ತೆ. ಕೈ ನಿಂತುಹೋದಾಗ ಕಣ್ಣು ಕೈ ಮೇಲೆ ಬರುತ್ತೆ. ಆಗ ಕೈ ಮೇಲಿತ್ತು. ಯೋಚನೆ ಮಾಡ್ತಿರಲಿಲ್ಲ."

"ಅಂದರೆ ಅವರು ಯೋಚಿಸುತ್ತಿದ್ದಾರೋ ಇಲ್ಲವೋ ಎಂದು ಪ್ರತಿ ಸಲವೂ ನಿಮಗೆ ತಿಳಿಯುತ್ತದೆ."

"ತಿಳಿಯುತ್ತೆ ಸಾರ್. ಮೂವತ್ತು ವರ್ಷ ಆಯ್ತಲ್ಲ."

ಮೂವರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಜೊತೆಗಾರನನ್ನು ಓದಬಲ್ಲವನು ಓದಿಯೇ ಆಡುತ್ತಾನೆ ಎಂಬುದು ಅವರ ಲೆಕ್ಕ. ಸ್ನೇಹಿತನನ್ನು ಉಳಿಸಲೆಂದು ಆಡಿದ ನಿಜವನ್ನೇ ಅವರು ತಪ್ಪೊಪ್ಪಿಗೆ ಮಾಡಿಕೊಂಡರು. ಗೊತ್ತಾಗುವುದಿಲ್ಲ ಎಂದು ಒಂದು ಸುಳ್ಳು ಹೇಳಿದ್ದರೆ ಆ ಮನುಷ್ಯ ಗೆದ್ದು ಬರುತ್ತಿದ್ದರೋ ಏನೋ. ಗೋಪಾಲಪ್ಪನಿಗೆ ಅದು ಹೊಳೆಯಲೇ ಇಲ್ಲ.

ಆ ಆಟದ ಅಂಕ ಎದುರಾಳಿಗಳಿಗೆ ಹೋಯಿತು, ಇವರು ಫೈನಲ್ಲಿನಿಂದ ಹೊರಬಿದ್ದರು. ಅಷ್ಟಕ್ಕೇ ಬಿಟ್ಟಿದ್ದರೆ ಬೇರೆ ಮಾತು. ಜೊತೆಗಾರನ ಸನ್ನೆಯ ಲಾಭ ಪಡೆದ ಜೋಡಿ ಎಂದು ಇಬ್ಬರ ಹೆಸರನ್ನೂ ಗೋಡೆಗೆ ಅಂಟಿಸಿದರು. ಯಾರೋ ಅದರ ಫೋಟೋ ತೆಗೆದರು. ನಾವು ಹೊಸೂರಿಗೆ ಬರುವ ಮುಂಚೆ ಅದು ಬಂದಿತ್ತು.

ರೈಲಿನಲ್ಲಿ ರಘುನಾಥ್ ಕಿಟಕಿಯಿಂದ ಈ ಕಡೆ ತಿರುಗಿದರು.

"ಗೋಪಾಲ, ನಿಜವಾಗ್ಲೂ ಗೊತ್ತಾಗುತ್ತಾ ನಿಂಗೆ?"

"ಗೊತ್ತಾಯ್ತದೆ ರಘಣ್ಣ."

"ಹಂಗಾದ್ರೆ ಇಷ್ಟು ವರ್ಷ ನಾವು ಗೆದ್ದಿದ್ದು?"

ಕಂಡೂ ಕಾಣದವರಂತೆ ಆಡಿದ್ದೆವು ಎಂದು ಗೋಪಾಲಪ್ಪ ಹೇಳಬಹುದಿತ್ತು, ಅದು ನಿಜವೂ ಆಗಿತ್ತು. ಆದರೆ ನಿಜ ಹೇಳಿದರೆ ಏನಾಗುತ್ತದೆ ಎಂದು ಅವರು ಆಗಷ್ಟೇ ಕಲಿತಿದ್ದರು.

ಹೊಸೂರಿಗೆ ಬಂದ ಮೇಲೆ ಮತ್ತೆ ಆಡಲು ಕೂತೆವು. ಗೋಪಾಲಪ್ಪ ಒಂದು ಹೊಸ ಅಭ್ಯಾಸ ಹಿಡಿದರು. ರಘುನಾಥ್ ಸರದಿ ಬಂದ ಕೂಡಲೇ ಗೋಡೆಯ ಕ್ಯಾಲೆಂಡರಿನ ಕಡೆ ತಿರುಗಿಬಿಡುವುದು. ಮೊದಮೊದಲು ಕಣ್ಣು ತಾನಾಗಿ ವಾಪಸು ಹೋಗುತ್ತಿತ್ತು. ಹಾಗೆ ಹೋಗಿ ಏನಾದರೂ ತಿಳಿದುಬಿಟ್ಟರೆ ಬೇಕೆಂದೇ ಅದಕ್ಕೆ ವಿರುದ್ಧ ಬಿಡ್ ಮಾಡಿ ಸೋಲುತ್ತಿದ್ದರು. ಬರಬರುತ್ತಾ ಕಣ್ಣು ವಾಪಸು ಹೋಗುವುದನ್ನು ಬಿಟ್ಟಿತು. ರಘುನಾಥ್ ಆ ಕಡೆ ಆತುರಾತುರವಾಗಿ ಕಾರ್ಡು ಎಳೆಯಲು ಹೋಗಿ ಡಬ್ಬಿಯನ್ನೇ ಉರುಳಿಸುತ್ತಿದ್ದರು. ನೆಲದ ಮೇಲೆ ಚೆಲ್ಲಿದ ಕಾರ್ಡುಗಳನ್ನು ನಾನೂ ಮುನಿರಾಜನೂ ಆರಿಸುತ್ತಿದ್ದೆವು.

"ನನ್ನ ಮುಖ ನೋಡೋದೇ ಬಿಟ್ಬುಟ್ಯಲ್ಲೋ ಗೋಪಾಲ" ಅಂದರು ರಘುನಾಥ್ ಒಂದು ಸಂಜೆ.

"ನೋಡಿದ್ರೆ ತಪ್ಪಾಯ್ತದೆ ರಘಣ್ಣ."

ಮುಂದಿನ ವಾರ ರಘುನಾಥ್ ಬರಲಿಲ್ಲ, ಆಮೇಲೂ ಬರಲಿಲ್ಲ. ಅವರಿಲ್ಲದೆ ಗೋಪಾಲಪ್ಪ ಬೇರೆಯವರ ಎದುರು ಕೂರಲಿಲ್ಲ. ನಮ್ಮ ಆಟ ಅಲ್ಲಿಗೆ ಮುಗಿಯಿತು.

ಎರಡು ವರ್ಷದ ಮೇಲೆ, ಈ ಮಾಗಿಯಲ್ಲಿ, ರಘುನಾಥ್ ಅವರ ಮಗಳು ಮಾಲಿನಿ ನನ್ನನ್ನೂ ಗೋಪಾಲಪ್ಪನನ್ನೂ ಮನೆಗೆ ಕರೆಸಿದಳು. ರಘುನಾಥ್ ಹಾಸಿಗೆ ಹಿಡಿದಿದ್ದರು. ಮಾತು ನಿಂತು ತಿಂಗಳುಗಳಾಗಿದ್ದವು. ನುಂಗಲೂ ಆಗುತ್ತಿರಲಿಲ್ಲ. ಹೊಟ್ಟೆಗೆ ನಳಿಕೆ ಹಾಕಿ ಊಟ ಕೊಡಬೇಕು, ಬೇಡವೆಂದರೆ ಹೀಗೇ ಬಿಡಬೇಕು, ಇವತ್ತೇ ತಿಳಿಸಿ ಎಂದು ಡಾಕ್ಟರು ಹೇಳಿದ್ದರಂತೆ. ಬಾಯಿ ನಡೆಯುತ್ತಿದ್ದಾಗ ತಂದೆ ಈ ವಿಷಯ ಎತ್ತಲು ಬಿಟ್ಟಿರಲಿಲ್ಲ. ಅವರ ಮನಸ್ಸು ತಿಳಿಯದೆ ತಾನು ಹೇಗೆ ಹೇಳಲಿ ಎಂದು ಅವಳು ಅತ್ತಳು. ಆಮೇಲೆ ತಂದೆಯ ಅಂಗೈಯಲ್ಲಿ ತನ್ನ ಬೆರಳಿಟ್ಟಳು.

"ಅಪ್ಪಾ, ನಳಿಕೆ ಬೇಕು ಅಂದ್ರೆ ಒತ್ತಿ. ಬೇಡ ಅಂದ್ರೆ ಸುಮ್ನಿರಿ."

ಕೈ ಅಲುಗಲಿಲ್ಲ.

"ಮಾಮ, ಇದು ಬೇಡ ಅಂತಾನಾ, ಇಲ್ಲ ಕೈ ನಿಂತುಹೋಗಿದೆಯಾ? ನಿಮಗೆ ಗೊತ್ತಾಗುತ್ತೆ ಅಂತ ಅಪ್ಪ ಹೇಳ್ತಿದ್ರು."

ಗೋಪಾಲಪ್ಪ ಹಾಸಿಗೆಯ ಹತ್ತಿರ ಬಗ್ಗಿದರು. ಒಂದು ಗಳಿಗೆ ಅಷ್ಟೆ. ಅವರ ಕಣ್ಣು ಜಾರಿ ಎದುರು ಗೋಡೆಯ ಕ್ಯಾಲೆಂಡರಿಗೆ ಹೋಯಿತು. ಗಲ್ಲವನ್ನು ತಮ್ಮ ಕೈಯಿಂದಲೇ ಹಿಡಿದು ಈ ಕಡೆ ತಿರುಗಿಸಿಕೊಂಡರು. ಮತ್ತೆ ಜಾರಿತು. ನನಗೆ ಅದನ್ನು ನೋಡಲಾಗಲಿಲ್ಲ.

"ಗೊತ್ತಾಯ್ತಿಲ್ಲ ಕಣಮ್ಮ. ಮೊದ್ಲು ಗೊತ್ತಾಯ್ತಿತ್ತು."

ನಾನು ಹಾಸಿಗೆಯ ಈಚೆ ನಿಂತಿದ್ದೆ. ರಘುನಾಥ್ ಅವರ ಕಣ್ಣು ಕೈ ಮೇಲೂ ಇರಲಿಲ್ಲ, ಮಗಳ ಮೇಲೂ ಇರಲಿಲ್ಲ. ಗೋಪಾಲಪ್ಪನ ಮುಖದ ಮೇಲಿತ್ತು. ಇವರು ಈಗ ತಮ್ಮ ಕಡೆ ತಿರುಗುತ್ತಾರೆ, ಈಗ ತಿರುಗುತ್ತಾರೆ ಎಂದು ಕಾಯುತ್ತಿತ್ತು.

ಮಾಲಿನಿ ಕಣ್ಣೊರೆಸಿಕೊಂಡು ಆಸ್ಪತ್ರೆಗೆ ಫೋನು ಮಾಡಿದಳು. ಗೊತ್ತಿಲ್ಲದೆ ಬೇಡ ಅನ್ನಲಾರೆ, ನಳಿಕೆ ಹಾಕಿಬಿಡಿ ಎಂದಳು.