ಲೈನ್ ಬಿಡದ ಅಕ್ಕಾರು

ಹೊಸ ರಬ್ಬರ್ ಕೈಗವಸಿನ ಪೊಟ್ಟಣ ಒಡೆದರೆ ಒಂದು ಬಿಳಿ ಪುಡಿ ಉದುರುತ್ತದೆ. ಎಳೆಕೂಸಿಗೆ ಹಚ್ಚುವ ಪೌಡರಿನಂಥ ವಾಸನೆ. ಹೋದ ವಾರ ನಮ್ಮ ಸ್ಟೋರಿನಲ್ಲಿ ಆ ವಾಸನೆ ಮೂಗಿಗೆ ಬಡಿದದ್ದೇ ತಡ, ಸಬ್‌ಸ್ಟೇಷನ್ನಿನ ಅಕ್ಕಾರು ಕಣ್ಣೆದುರು ಬಂದು ನಿಂತರು. ಕಂಬ ಹತ್ತುವ ಮುಂಚೆ ಕೈಗವಸು ತೊಟ್ಟ ಕೈಯ ಫೋಟೋ ತೆಗೆದು ವಾಟ್ಸಾಪ್ ಗ್ರೂಪಿಗೆ ಹಾಕಲೇಬೇಕು ಎಂದು ಹಟ ಹಿಡಿದವರು ಅವರು. ನಾವು ನಗುತ್ತಿದ್ದೆವು. ನಗುತ್ತಲೇ ಹಾಕುತ್ತಿದ್ದೆವು.

ನಾನಾಗ ರಾಮದುರ್ಗದ ಕಡೆ ಲೈನ್‌ಮನ್. ಅವರು ಅದೇ ಕಡೆಯ ಸಣ್ಣ ಸಬ್‌ಸ್ಟೇಷನ್ನೊಂದರಲ್ಲಿ ಆಪರೇಟರ್. ಡಿಪ್ಲೊಮಾ ಓದಿ ನೌಕರಿಗೆ ಸೇರಿದವರು. ಊರು ಬೈಲಹೊಂಗಲ. ಶಾಲೆಗೆ ಹೋಗುವ ಮಗಳನ್ನು ಅಲ್ಲಿ ತಾಯಿಯ ಹತ್ತಿರ ಬಿಟ್ಟು, ರಜೆ ಸಿಕ್ಕಾಗಲೆಲ್ಲ ಬಸ್ಸು ಹಿಡಿದು ಓಡುತ್ತಿದ್ದರು. ಮಾತು ಕಡಿಮೆ. ನಕ್ಕದ್ದನ್ನು ಕಂಡ ನೆನಪು... ಒಂದೆರಡು ಸಲ ಇರಬೇಕು.

ನಾವು ಕಂಬ ಹತ್ತುವ ಮುನ್ನ ಅವರು ಆ ಲೈನಿನ ಕರೆಂಟ್ ತೆಗೆಯಬೇಕು. ಇಳಿದೆವು ಎಂದು ನಾವು ಹೇಳಿದ ಮೇಲೆ ಮತ್ತೆ ಬಿಡಬೇಕು. ನಮ್ಮ ಜೀವ ಇರುವುದು ಈ ಎರಡು ಮಾತುಗಳ ನಡುವೆ. ಅದಕ್ಕೇ ಅವರು ನಮ್ಮ ಸೆಕ್ಷನ್ನಿಗೆಲ್ಲ ಒಂದು ಗ್ರೂಪ್ ಕಟ್ಟಿದ್ದರು. ಅದರ ಜೊತೆಗೆ ಎಲ್ಲರ ಫೋನಿನಲ್ಲೂ ತೆರೆಯುವ ಒಂದು ಆನ್‌ಲೈನ್ ಶೀಟು. ಹತ್ತಿದವನು ತನ್ನ ಹೆಸರಿನ ಮುಂದೆ ‘ಮೇಲೆ’ ಎಂದು ಬರೆಯಬೇಕು, ಇಳಿದವನು ‘ಕೆಳಗೆ’ ಎಂದು. ಶೀಟು ತೆರೆಯಲು ನಮಗೆ ಬೇಸರ. ಗ್ರೂಪಿನಲ್ಲಾದರೆ ಒಂದು ಹೆಬ್ಬೆರಳಿನ ಚಿಹ್ನೆ ಒತ್ತಿದರೆ ಮುಗಿಯಿತು. ಬರಬರುತ್ತ ಎಲ್ಲ ಕೆಲಸ ಹೆಬ್ಬೆರಳಿನ ಮೇಲೆಯೇ ನಡೆಯತೊಡಗಿತು.

ಅದು ಮುಂಗಾರಿನ ಮೊದಲ ಗಾಳಿಮಳೆ ಹೊಡೆದುಹೋದ ಸಂಜೆ. ಒಂದೇ ಲೈನಿನ ಮೇಲೆ ಎರಡು ಕಡೆ ಕೆಲಸ ನಡೆದಿತ್ತು. ತೊರಗಲ್ಲಿನ ಆಚೆಯ ಹೊಲದಲ್ಲಿ ನಾನು, ಅವತ್ತು ಶೀಟಿನಲ್ಲಿ ‘ಮೇಲೆ’ ಎಂದು ಬರೆದು, ಕಂಬ ಹತ್ತಿದ್ದೆ. ತಂತಿಯನ್ನು ಕಂಬಕ್ಕೆ ಕೂರಿಸುವ ಪಿಂಗಾಣಿಯ ಒಂದು ಸಾಮಾನು ಸೀಳಿದ್ದರಿಂದ ನನ್ನ ಜೊತೆಗಾರ ಬೈಕು ತೆಗೆದುಕೊಂಡು ಹೊಸದನ್ನು ತರಲು ಹೋಗಿದ್ದ. ನನ್ನ ಫೋನು ಬೈಕಿನ ಚೀಲದಲ್ಲೇ ಉಳಿದು ಅವನೊಂದಿಗೆ ಹೋಗಿತ್ತು.

ಮುಂದೆ ನಡೆದದ್ದು ನನಗೆ ಗೊತ್ತಾದದ್ದು ಆಮೇಲೆ, ಗ್ರೂಪಿನ ಸಂದೇಶಗಳಿಂದ ಮತ್ತು ಸಬ್‌ಸ್ಟೇಷನ್ನಿನ ಕಾವಲುಗಾರನಿಂದ. ಇನ್ನೊಂದು ತಂಡ ತನ್ನ ಕೆಲಸ ಮುಗಿಸಿ, ಲೈನ್ ಬಿಡ್ರಿ ಎಂದು ಗ್ರೂಪಿಗೆ ಹಾಕಿತು. ಅದರ ಕೆಳಗೆ ಹೆಬ್ಬೆರಳುಗಳು ಸಾಲಾಗಿ ಬಿದ್ದವು. ನಮ್ಮ ಸೆಕ್ಷನ್ನಿನ ಸಾಹೇಬರದೂ ಬಿತ್ತು. ಎಲ್ಲರೂ ಇಳಿದರು ಎಂದು ಎಲ್ಲರೂ ತಿಳಿದರು. ಅಕ್ಕಾರು ಮಾತ್ರ ಶೀಟು ತೆರೆದು ನೋಡಿದರು. ನನ್ನ ಹೆಸರಿನ ಮುಂದೆ ಇನ್ನೂ ‘ಮೇಲೆ’ ಎಂದೇ ಇತ್ತು. ಫೋನು ಮಾಡಿದರು, ಹತ್ತಲಿಲ್ಲ. ಜೊತೆಗಾರನದೂ ಹತ್ತಲಿಲ್ಲ. ಒಬ್ಬರು ಇಳಿದಿಲ್ಲ ಸರ್, ಎಂದು ಬರೆದರು. ಅವನು ‘ಕೆಳಗೆ’ ಎಂದು ತುಂಬುವುದನ್ನು ಮರೆತಿರುತ್ತಾನೆ, ಲೈನ್ ಬಿಡಿ, ಜವಾಬ್ದಾರಿ ನನ್ನದು ಎಂದು ಸಾಹೇಬರು ಬರೆದರು.

ಅಷ್ಟರಲ್ಲಿ ಹತ್ತಿರದ ಊರಿನವನೊಬ್ಬ ಗೇಟಿಗೆ ಬಂದ. ಅವನ ತಾಯಿ ಮನೆಯಲ್ಲಿ ಆಕ್ಸಿಜನ್ ಮಷೀನಿನ ಮೇಲಿದ್ದಳು. ಕರೆಂಟ್ ಹೋಗಿ ಮಷೀನು ನಿಂತಿತ್ತು. ಹಿಂದೆ ಹತ್ತಾರು ಜನ. ಒಬ್ಬನ ಕೈಯಲ್ಲಿ ಫೋನು, ಲೈವ್ ನಡೆದಿತ್ತು. ಮಗ ಗೇಟು ಹಿಡಿದು ಅಳುತ್ತಿದ್ದನಂತೆ. ವಿಷಯ ತಿಳಿದದ್ದೇ ಅಕ್ಕಾರು ಆಂಬುಲೆನ್ಸಿಗೆ ಫೋನು ಮಾಡಿದ್ದರು. ಗೇಟಿನ ಒಳಗೆ ನಿಂತು ಹೇಳಿದರು:

“ಕಂಬದ ಮ್ಯಾಲ ಒಬ್ಬ ಮನಶ್ಯಾ ಅದಾನ್ರಿ. ಅವನ ದನಿ ಕೇಳೂತನಕಾ ನಾ ಸ್ವಿಚ್ ಮುಟ್ಟೂದಿಲ್ಲ. ಗಾಡಿ ಕರಿಸೇನಿ, ನಿಮ್ಮವ್ವನ್ನ ಕರಕೊಂಡು ದವಾಖಾನಿಗೆ ನಡೀರಿ.”

ಯಾರೋ ಕಲ್ಲು ಎಸೆದರು. ಕಿಟಕಿಯ ಗಾಜು ಒಡೆಯಿತು. ಕಾವಲುಗಾರ ಹೇಳಿದ ಪ್ರಕಾರ ಅವರು ಒಳಗೆ ಹೋಗಿ ಸ್ವಿಚ್ಚುಗಳ ಪ್ಯಾನಲ್ಲಿನ ಮುಂದೆ ನಿಂತರು, ಅಲ್ಲಿಂದ ಕದಲಲಿಲ್ಲ.

ಆ ಹೊತ್ತಿನಲ್ಲಿ ನಾನು ಎರಡೂ ಕೈಯಲ್ಲಿ ತಂತಿ ಹಿಡಿದುಕೊಂಡು, ತೊರಗಲ್ಲಿನ ಕೋಟೆಯ ಮೇಲಿನ ಮೋಡ ಸರಿಯುವುದನ್ನು ನೋಡುತ್ತ, ಜೊತೆಗಾರನಿಗೆ ಬೈಯುತ್ತಿದ್ದೆ.

ಅವನು ಬಂದ, ಸಾಮಾನು ಕೂರಿಸಿದೆ, ಇಳಿದೆ. ಫೋನು ತೆಗೆದರೆ ಪರದೆಯ ತುಂಬ ಅವರದೇ ಕರೆಗಳು. ಅವರಿಗೆ ಫೋನು ಹಚ್ಚಿದೆ. ಕೆಲಸ ಮುಗಿಯಿತೇ ಎಂದು ಅವರು ಕೇಳಲಿಲ್ಲ.

“ಕಾಲು ನೆಲದ ಮ್ಯಾಲ ಅದಾವೇನು?”

“ಅದಾವ್ರಿ ಅಕ್ಕಾರ.”

ಅವರು ಫೋನು ಇಟ್ಟರು. ದೂರದ ಊರಿನಲ್ಲಿ ದೀಪಗಳು ಹತ್ತಿದವು.

ಆ ಮುದುಕಿ ಆಸ್ಪತ್ರೆ ಸೇರಿ ಉಳಿದಳು. ಅದು ಯಾರ ಫೋನಿಗೂ ಬರಲಿಲ್ಲ. ಬಂದದ್ದು ಕತ್ತರಿಸಿದ ಒಂದು ವಿಡಿಯೊ. ಅದರಲ್ಲಿ ಅಕ್ಕಾರು ಗೇಟಿನ ಒಳಗೆ ನಿಂತು ‘ನಾ ಸ್ವಿಚ್ ಮುಟ್ಟೂದಿಲ್ಲ’ ಅನ್ನುತ್ತಾರೆ, ಹೊರಗೆ ಒಬ್ಬ ಮಗ ಅಳುತ್ತಾನೆ. ಅಷ್ಟೇ. ಸವದತ್ತಿ, ಕಿತ್ತೂರು ದಾಟಿ ಎಲ್ಲೆಲ್ಲಿಗೋ ಹೋಯಿತು. ಕೆಳಗೆ ಬರೆದ ಮಾತುಗಳನ್ನು ನಾನು ಮತ್ತೆ ಆಡಲಾರೆ. ಕಂಬದ ಮೇಲಿದ್ದವನು ನಾನು ಎಂದು ಆ ವಿಡಿಯೊ ಕಂಡಲ್ಲೆಲ್ಲ ಬರೆದೆ. ಓದಿದವರಿಗಿಂತ ಬೈದವರೇ ಹೆಚ್ಚು. ನಮ್ಮ ಗ್ರೂಪಿನಲ್ಲಿ ಬರೆದದ್ದಕ್ಕೆ ಒಬ್ಬರು ಕೈಮುಗಿದ ಚಿಹ್ನೆ ಹಾಕಿದರು.

ಅಕ್ಕಾರನ್ನು ನವಿಲುತೀರ್ಥದ ಕಡೆಗೆ ವರ್ಗ ಮಾಡಿದರು. ಹೋಗುವ ದಿನ ನಾನು ಬಸ್‌ಸ್ಟ್ಯಾಂಡಿಗೆ ಹೋಗಿದ್ದೆ. ಆ ಮುದುಕಿ ಸತ್ತಿದ್ದರೆ ಏನು ಮಾಡುತ್ತಿದ್ದಿರಿ ಎಂದು ಕೇಳಬಾರದಿತ್ತೇನೋ, ಕೇಳಿಬಿಟ್ಟೆ.

“ಆಗೂ ಬಿಡತಿರಲಿಲ್ಲ,” ಅಂದರು. “ಆದ್ರ ನಿದ್ದಿ ಮತ್ತ ಬರತಿರಲಿಲ್ಲ.”

ಹೋದ ವರ್ಷ ಅವರು ಕಾಯಿಲೆಯಿಂದ ತೀರಿಕೊಂಡರು. ಅವರು ಎಲ್ಲ ಗ್ರೂಪುಗಳಿಂದ ಹೊರಬಿದ್ದಿದ್ದರಿಂದ ಸುದ್ದಿ ನನಗೆ ಮುಟ್ಟುವಾಗ ತಿಂಗಳುಗಳೇ ಕಳೆದಿದ್ದವು. ಮೊನ್ನೆ ರವಿವಾರ ಬೈಲಹೊಂಗಲಕ್ಕೆ ಹೋಗಿ ಮನೆ ಹುಡುಕಿದೆ. ಮಗಳು ಬಾಗಿಲು ತೆಗೆದಳು. ಈಗ ಕಾಲೇಜು ಓದುತ್ತಾಳೆ. ಗೋಡೆಯ ಮೇಲೆ ಅವರ ಫೋಟೋ, ಹಾರ. ತಾಯಿಯ ಜೊತೆ ಕೆಲಸ ಮಾಡಿದವನು ಎಂದೆ. ಅವಳು ನೀರು ತಂದುಕೊಟ್ಟು, ನಿಂತುಕೊಂಡೇ ಕೇಳಿದಳು:

“ಅವತ್ತ ನಮ್ಮವ್ವ ಕರೆಂಟ್ ಯಾಕ ಬಿಡಲಿಲ್ರಿ?”

ಕಾಲೇಜಿನಲ್ಲಿ ಆ ವಿಡಿಯೊವನ್ನು ಅವಳಿಗೆ ಈಗಲೂ ತೋರಿಸುತ್ತಾರಂತೆ. ತಾಯಿಯನ್ನು ಎಷ್ಟು ಸಲ ಕೇಳಿದರೂ, ಕೆಲಸದಲ್ಲಿ ಇಂಥವು ಬರುತ್ತವೆ ಎಂದಷ್ಟೇ ಹೇಳಿ ಎದ್ದುಹೋಗುತ್ತಿದ್ದರಂತೆ.

“ಕಂಬದ ಮ್ಯಾಲ ನಾ ಇದ್ದೆ, ತಂಗಿ,” ಅಂದೆ.

ಹುಡುಗಿ ನನ್ನ ಮುಖ ನೋಡಿದಳು, ಆಮೇಲೆ ನನ್ನ ಕೈಗಳನ್ನು ನೋಡಿದಳು. ಒಳಗಿನಿಂದ ಒಂದು ಕುರ್ಚಿ ಎಳೆದು ತಂದು ನನ್ನ ಎದುರಿಗೆ ಹಾಕಿಕೊಂಡು ಕೂತಳು.

“ಮೊದಲಿಂದ ಹೇಳ್ರಿ,” ಅಂದಳು.