ಪೇಟಿಗೆ ಒಗ್ಗಿಸಿದ ಧಾಟಿ

ರಷ್ಯಾಕ್ಕೆ ತನ್ನದೇ ಸಂಗೀತ ಬೇಕೆಂದು ಹಟ ಹಿಡಿದ ಒಬ್ಬ ಸಂಗೀತಗಾರನ ಬಗ್ಗೆ ನಾನು ಓದಿದ್ದು ಸಂಶಿ ಬಸ್ ಸ್ಟ್ಯಾಂಡಿನಲ್ಲಿ, ಮೊಬೈಲಿನಲ್ಲಿ. ಹಳೆಯ ಕಾಲದವನು. ವೋಲ್ಗಾ ನದಿಯ ದಂಡೆಗುಂಟ ತಿರುಗಿ, ದೋಣಿ ಎಳೆಯುವವರ ಹಾಡು ಕೇಳಿ, ಅವಕ್ಕೆ ಪಿಯಾನೋ ಜೋಡಿಸಿದನಂತೆ. ಅಷ್ಟರಲ್ಲಿ ಬಸ್ ಬಂತು. ಉಳಿದದ್ದು ಓದಲಿಲ್ಲ. ಅರ್ಧ ಕೊಡ ತುಳುಕುತ್ತದೆ ಅಂತಾರಲ್ಲ, ಹಾಗೆ ತುಳುಕುತ್ತ ಮನೆಗೆ ಬಂದೆ.

ಯರಗುಪ್ಪಿಯಲ್ಲಿ ನನ್ನ ಚಿಗವ್ವ ಇದ್ದಾಳೆ. ಹತ್ತಿ ಬಿಡಿಸುವಾಗ ಅವಳು ಹಾಡುವ ಧಾಟಿ ಅವಳ ಅತ್ತೆಯಿಂದ ಬಂದದ್ದು. ಉಳಿದ ಹೆಂಗಸರು ಹಿಂದೆ ದನಿಗೂಡಿಸುವವರು ಮಾತ್ರ. ನಾನೋ ಮಠದ ಭಜನೆಯಲ್ಲಿ ಪೇಟಿ ಬಾರಿಸುವವನು. ರಷ್ಯಾದವನಿಗೆ ಪಿಯಾನೋ ಇದ್ದರೆ ನಮಗೆ ಹಾರ್ಮೋನಿಯಂ ಪೇಟಿ ಇಲ್ಲವೇ? ಎತ್ತಿಕೊಂಡು ಹೋದೆ.

ಹಾಡಿನ ಒಂದು ಕಡೆ ಅವಳ ದನಿ ಪೇಟಿಯ ಎರಡು ಮನೆಗಳ ನಡುವೆ ನಿಲ್ಲುತ್ತಿತ್ತು. ಬಿಳಿ ಮನೆ ಒತ್ತಿದರೆ ಸ್ವರ ಕಡಿಮೆ, ಕರಿ ಮನೆ ಒತ್ತಿದರೆ ಹೆಚ್ಚು.

"ಚಿಗವ್ವ, ಇಲ್ಲೆ ಸ್ವರಾ ತಪ್ಪಾಕತ್ತೇತಿ ನೋಡ," ಅಂದೆ.

"ಅಯ್ಯ, ಇಷ್ಟ ವರ್ಷ ತಪ್ಪ ಹಾಡಿದ್ನೇನೋ ತಮ್ಮಾ?" ಎಂದು ನಾಚಿಕೊಂಡಳು.

ಆ ಸುಗ್ಗಿಯುದ್ದಕ್ಕೂ ರವಿವಾರಕ್ಕೊಮ್ಮೆ ಹೋಗಿ, ದನಿ ಕರಿ ಮನೆಗೆ ಕೂಡುವಂತೆ ತಿದ್ದಿದೆ. ತಪ್ಪಿದ್ದನ್ನು ರೆಕಾರ್ಡ್ ಮಾಡಬಾರದು, ಸರಿಯಾದ ಮೇಲೆ ಮಾಡೋಣ ಎಂಬ ಜಾಣತನ ಬೇರೆ. ಕಡೆಗೆ ರೆಕಾರ್ಡ್ ಮಾಡಿಕೊಂಡು ಕಂಡವರಿಗೆಲ್ಲ ಕೇಳಿಸಿದೆ.

ಈ ವರ್ಷ ಹತ್ತಿ ಒಡೆದ ಹೊತ್ತಿಗೆ ಆ ಲೇಖನ ಮತ್ತೆ ಸಿಕ್ಕಿತು. ಉಳಿದರ್ಧ ಓದಿದೆ. ಆತ ಹಾಡನ್ನು ಪಿಯಾನೋಕ್ಕೆ ಬಗ್ಗಿಸಿರಲಿಲ್ಲ. ಹಳ್ಳಿಯವರ ಧಾಟಿ ಇದ್ದಂತೆಯೇ ಇಟ್ಟು, ಅದಕ್ಕೆ ಒಪ್ಪುವ ಸ್ವರಗಳನ್ನು ಪಿಯಾನೋದಲ್ಲಿ ಹುಡುಕಿದ್ದ. ದೊಡ್ಡವನಾದದ್ದೇ ಅದರಿಂದ. ಸಿಕ್ಕ ಬಸ್ ಹತ್ತಿ ಹೋದೆ. ಹೊಲದಲ್ಲಿ ಸಾಲಿನ ಹೆಂಗಸರೆಲ್ಲ ನಾನು ತಿದ್ದಿದ ಧಾಟಿಯನ್ನೇ ಹಾಡುತ್ತಿದ್ದರು, ಅಗದಿ ಪೇಟಿಯ ಹಾಗೆ. ನನ್ನನ್ನು ಕಂಡು ಇನ್ನಷ್ಟು ಹುರುಪಿನಿಂದ ಹಾಡಿದರು.

"ಚಿಗವ್ವ, ಮೊದಲಿನಂಗ ಒಮ್ಮೆ ಹಾಡ," ಎಂದು ಕೈಮುಗಿದೆ.

ನಾಲ್ಕು ಸಲ ಹಾಡಿದಳು. ನಾಲ್ಕು ಸಲವೂ ದನಿ ಹೋಗಿ ಕರಿ ಮನೆಯ ಮೇಲೇ ಕೂತಿತು. ನನಗೂ ನೆನಪಿಗೆ ಬರಲಿಲ್ಲ. ತಪ್ಪೆಂದುಕೊಂಡದ್ದನ್ನು ನಾನು ಕಿವಿಗೊಟ್ಟು ಕೇಳಿದ್ದಾದರೂ ಯಾವಾಗ? ನನ್ನ ಮೇಲೆ ನನಗೆ ಅಸಹ್ಯವಾಯಿತು.

"ಬರವಲ್ದೋ ತಮ್ಮಾ," ಅಂದಳು. ನನ್ನ ಮುಖ ನೋಡಿ ಮರುಗಿರಬೇಕು, ಬೆನ್ನು ಸವರಿ ಸಮಾಧಾನ ಹೇಳಿದಳು: "ಹೋಗ್ಲಿ ಬಿಡ, ತಪ್ಪ ಇತ್ತಲ್ಲ ಅದು."