ಹೈಪೋ ಹರಳಿನ ಪಾದುಕೆ

ಚೌಡಾಪುರದ ಬಸ್‌ಸ್ಟ್ಯಾಂಡ್ ಎದುರಿಗೆ ಕಲ್ಲಿನಾಥನ ಫೋಟೋ ಸ್ಟುಡಿಯೋ ಇದೆ. ಇದೆ ಅನ್ನುವುದೂ ಹೆಚ್ಚೇ. ಎಲ್ಲರ ಕಿಸೆಗೂ ಮೊಬೈಲು ಬಂದ ಮೇಲೆ ಆಧಾರ್ ಕಾರ್ಡಿನ ಜೆರಾಕ್ಸು, ಪಾಸ್‌ಪೋರ್ಟ್ ಸೈಜಿನ ಮುಖ, ಇಷ್ಟೇ ಅವನ ಪಾಲಿಗೆ ಉಳಿದದ್ದು.

ಫೋಟೋ ತೊಳೆಯುತ್ತಿದ್ದ ಕಾಲದ ಹೈಪೋ ಉಪ್ಪು ಹಿಂದಿನ ಕತ್ತಲೆಕೋಣೆಯಲ್ಲಿ ಒಂದು ಡಬ್ಬಿ ಮಿಕ್ಕಿತ್ತು. ಹದಿನಾಲ್ಕು ವರ್ಷದ ಹಿಂದೆ ಅದನ್ನು ಎಸೆಯಲು ಹೋದವನು, ಗಾಜಿನ ಮೇಲೆ ಚೆಲ್ಲಿದ್ದ ಹೈಪೋ ನೀರು ಒಣಗಿ ಹರಳುಗಟ್ಟಿದ್ದನ್ನು ಕಂಡ. ಅಷ್ಟೇ, ಹುಚ್ಚು ಹಿಡಿಯಿತು. ಒಡೆದ ಟಿ.ವಿ. ಪರದೆಯಿಂದ ಕಿತ್ತ, ಬೆಳಕು ಸೋಸುವ ಎರಡು ಪ್ಲಾಸ್ಟಿಕ್ ಹಾಳೆಗಳ ನಡುವೆ ಆ ಗಾಜಿಟ್ಟು, ಹಿಂದಿನಿಂದ ಬೆಳಕು ಬಿಟ್ಟು, ಕ್ಯಾಮೆರಾದ ಲೆನ್ಸನ್ನು ಹಿಂದುಮುಂದಾಗಿ ತಿರುವಿ ಹಿಡಿದರೆ ಬಿಳಿ ಉಪ್ಪು ನವಿಲುಬಣ್ಣಕ್ಕೆ ತಿರುಗುತ್ತಿತ್ತು. ಇಂಥದೇ ಎಂದು ಹೆಸರಿಡಲಾಗದ ಚಿತ್ರ. ಅದೇ ಅವನಿಗೆ ಬೇಕಾದದ್ದು.

ನೋಡುವವರು ಬೇಕಲ್ಲ! ಗಿರಾಕಿಗಳು "ಇದೇನ್ರಿ, ಸೀರಿ ಡಿಸೈನಾ?" ಎನ್ನುತ್ತಿದ್ದರು. ಹೆಂಡತಿ ಕಾಶಿಬಾಯಿಯನ್ನಂತೂ ಎಷ್ಟು ಸಲ ಕರೆದನೋ.

"ಒಂದ್ಸಲ ಕಣ್ತುಂಬ ನೋಡ್ ಬೇ."

"ಒಲಿ ಮ್ಯಾಲ ಪಲ್ಯಾ ಹೊತ್ತಾಕತ್ತದ. ನಿಮ್ಮ ಉಪ್ಪು ನೋಡಿ ನಾ ಏನ್ ಮಾಡ್ಲಿ?"

ಕೆಟ್ಟವಳಲ್ಲ ಅವಳು. ಹಗಲೆಲ್ಲ ಹೊಲಿಗೆ ಮಷೀನು ತುಳಿದು ಮನೆ ನಡೆಸುವವಳು. ಆದರೂ ಊರು ನೋಡದಿದ್ದರೆ ಹೋಗಲಿ, ಇವಳೊಬ್ಬಳು ನೋಡಿದರೆ ಸಾಕು ಎಂಬ ಆಸೆ ಅವನನ್ನು ಬಿಡಲಿಲ್ಲ.

ಹೋದ ವರ್ಷ ಗಾಣಗಾಪುರದ ಲಾಡ್ಜಿನ ಗುರುಶಾಂತ, ಸುಣ್ಣ ಕಿತ್ತುಹೋದ ಗೋಡೆ ಮುಚ್ಚಲೆಂದು ಒಂದು ದೊಡ್ಡ ಫೋಟೋ ಒಯ್ದ. ಕೆಳಗಿನ ಮೂಲೆಯಲ್ಲಿ ಕಲ್ಲಿನಾಥ ತನ್ನ ಹೆಸರು ಬರೆದುಕೊಟ್ಟಿದ್ದ, ಜನ್ಮದಲ್ಲೇ ಮೊದಲ ಸಲ. ತಿಂಗಳು ಕಳೆಯಲಿಲ್ಲ, ಅಲ್ಲಿನ ಗುಡಿಯ ಪಾದುಕೆ ದರ್ಶನಕ್ಕೆ ಬಂದಿದ್ದ ಸೊಲ್ಲಾಪುರದ ಯಾತ್ರಿಕರೊಬ್ಬರು ಹರಳುಗಳ ನಡುವೆ ಎರಡು ಉದ್ದನೆಯ ಗುರುತು ಕಂಡು "ಪಾದುಕೆ!" ಎಂದು ಅಡ್ಡಬಿದ್ದರು. ಮುಗಿಯಿತಲ್ಲ ಕಥೆ! ಹಾರ ಬಂತು, ಊದುಬತ್ತಿ ಬಂತು, ದರ್ಶನಕ್ಕೆ ಸಾಲೂ ಹತ್ತಿತು.

ಸುದ್ದಿ ಕೇಳಿ ಕಲ್ಲಿನಾಥ ಓಡಿದ. ಹೆಸರಿದ್ದ ಮೂಲೆಯ ಮೇಲೆ ಕುಂಕುಮ ಗಟ್ಟಿಯಾಗಿ ಮೆತ್ತಿತ್ತು. ಉಗುರಿನಿಂದ ಕೆರೆಯತೊಡಗಿದ. ಗುರುಶಾಂತ ಕೈ ಹಿಡಿದ.

"ಏ, ಏನ್ ಮಾಡಾಕತ್ತೀಯೋ ಮಾರಾಯ? ತಾನಾಗೇ ಮೂಡೇದಂತ ಮಂದಿ ನಂಬ್ಯಾರ."

"ತಾನಾಗಿ ಮೂಡಿಲ್ರಿ, ನಾ ಮಾಡೀನಿ. ಅದು ಹೈಪೋ!"

"ಇರ್ಲಿ ಬಿಡು. ಇಂಥವು ಇನ್ನ ಹತ್ತು ಮಾಡಿಕೊಡು. ಹೆಸರು ಮಾತ್ರ ಬ್ಯಾಡ."

ಸಾಲಿನವರು ಕಲ್ಲಿನಾಥನನ್ನು ದುರುಗುಟ್ಟಿ ನೋಡಿದರು. ಹದಿನಾಲ್ಕು ವರ್ಷ ಕಣ್ಣು ಉರಿಸಿಕೊಂಡದ್ದು ಯಾರಿಗೂ ಬೇಕಿಲ್ಲ. ಥೂ, ಇದೂ ಒಂದು ಬಾಳೇ!

ಅಷ್ಟರಲ್ಲಿ ಸಾಲಿನ ಕೊನೆಗೆ ಕಾಶಿಬಾಯಿ ಕಂಡಳು, ಕೈಯಲ್ಲಿ ತೆಂಗಿನಕಾಯಿ. ಪವಾಡದ ಸುದ್ದಿ ಅವಳಿಗೂ ಮುಟ್ಟಿತ್ತು. ಅದು ಗಂಡ ಮಾಡಿದ್ದೆಂದು ಮಾತ್ರ ಗೊತ್ತಿರಲಿಲ್ಲ. ಎಂದಾದರೂ ನೋಡಿದ್ದರಲ್ಲವೇ ಗುರುತು ಹಿಡಿಯುವುದು! ಅವನ ಸಿಟ್ಟೆಲ್ಲ ಇಳಿಯಿತು. ಹೆಸರು ಹಾಳಾಗಲಿ, ಇವತ್ತಾದರೂ ನೋಡುತ್ತಾಳೆ. ಕಂಬದ ಮರೆಗೆ ಸರಿದು ಅವಳನ್ನೇ ನೋಡುತ್ತ ನಿಂತ.

ಸಾಲು ಸರಿದು ಅವಳ ಪಾಳಿ ಬಂತು. ಚಿತ್ರದೆದುರು ನಿಂತು ಸೆರಗು ತಲೆಯ ಮೇಲೆಳೆದಳು, ಎರಡೂ ಕೈ ಜೋಡಿಸಿದಳು, ಗಟ್ಟಿಯಾಗಿ ಕಣ್ಣು ಮುಚ್ಚಿಕೊಂಡಳು. ಹಿಂದಿನವರು ನೂಕಿದಾಗ ತಲೆ ತಗ್ಗಿಸಿಕೊಂಡೇ ಮುಂದೆ ಹೋದಳು.